ಗ್ರೂಪಿನೊಳಗೆ ಸೇರಿಕೊಂಡ ಮೂರನೆಯವರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ತಿಂಗಳು ಬಂದ ಪತ್ರಗಳಲ್ಲಿ ಶಿವಮೊಗ್ಗದ ಒಬ್ಬರ ಪತ್ರವನ್ನು ಮೂರು ಸಲ ಓದಿದೆ. ಅದೇ ತರಹದ ಇನ್ನೂ ಕೆಲವು ಪತ್ರಗಳಿದ್ದವು, ಹಾಗಾಗಿ ಈ ಸಲದ ಅಂಕಣ ಪೂರ್ತಿ ಒಂದೇ ವಿಷಯಕ್ಕೆ: ನಮ್ಮ ಗ್ರೂಪಿನ ಮಾತು ಹೊರಗಿನ ಆಪ್, ಸರ್ವೀಸುಗಳ ಕೈಗೆ ಹೋಗುವುದು. ಯಾರ ಹೆಸರನ್ನೂ ಹಾಕಿಲ್ಲ. ಕೆಲವರು ಹಾಕಿ ಎಂದೇ ಬರೆದಿದ್ದರು. ಆದರೆ ಅವರ ಹೆಸರು ಬಂದರೆ ಅವರ ಗ್ರೂಪು ಯಾವುದು ಅಂತ ಪರಿಚಯದವರಿಗೆ ಗೊತ್ತಾಗುತ್ತದೆ, ಆ ಗ್ರೂಪಿನಲ್ಲಿರುವ ಉಳಿದವರು ಹಾಕಿ ಎಂದು ನಮಗೆ ಬರೆದಿಲ್ಲ ಅಲ್ವಾ.

ಶಿವಮೊಗ್ಗದಿಂದ ಒಬ್ಬ ಓದುಗರು: ಮೇಡಂ, ಐದು ವರ್ಷದ ಹಿಂದೆ ನನಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಯಿತು. ಆಮೇಲೆ ನಮ್ಮಂಥವರೇ ಸೇರಿ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡೆವು. ಈಗ 140 ಹೆಂಗಸರಿದ್ದೇವೆ, ನಾನೇ ಅಡ್ಮಿನ್. ದಿನಕ್ಕೆ ಇನ್ನೂರು ಮೆಸೇಜ್ ಬರುತ್ತೆ, ಸುಸ್ತಿರುವವರಿಗೆ ಎಲ್ಲ ಓದೋಕೆ ಆಗಲ್ಲ. ಅದಕ್ಕೇ ದಿನದ ಮಾತುಕತೆಯನ್ನು ಹತ್ತು ಸಾಲಿನಲ್ಲಿ ಬರೆದು ಕಳಿಸುವ ಒಂದು ಸರ್ವೀಸ್‌ಗೆ ಸೇರಿದೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅಂದ್ರು, ಮಾಡಿದೆ. ಎರಡು ತಿಂಗಳಾದ ಮೇಲೆ ಗ್ರೂಪಿನ ಆರೇಳು ಜನಕ್ಕೆ ಪೌಡರ್, ಕಷಾಯ ಮಾರುವವರ ಫೋನ್ ಶುರುವಾಯಿತು. "ನಿಮಗೆ ಕೀಮೋ ಆಗಿದೆಯಂತೆ" ಅಂತಲೇ ಮಾತು ಶುರು ಮಾಡುತ್ತಾರೆ. ಒಬ್ಬಳು ಕೆಲಸದ ಕಡೆ ಕಾಯಿಲೆ ವಿಷಯ ಯಾರಿಗೂ ಹೇಳಿರಲಿಲ್ಲ, ಫೋನ್ ಬಂದಾಗ ಸ್ಪೀಕರ್ ಆನ್ ಇತ್ತಂತೆ. ಅವಳು ಗ್ರೂಪ್ ಬಿಟ್ಟು ಹೋದಳು. ತಪ್ಪು ನನ್ನದೇನಾ?

ಉತ್ತರ: ಇವತ್ತು ಮಲಗುವ ಮುಂಚೆ ಒಂದು ಕೆಲಸ ಮಾಡಿ. ವಾಟ್ಸಾಪ್ ತೆರೆದು ಮೇಲಿನ ಮೂರು ಚುಕ್ಕಿ ಒತ್ತಿದರೆ ಲಿಂಕ್ಡ್ ಡಿವೈಸಸ್ ಅಂತ ಇರುತ್ತದೆ (ಐಫೋನ್ ಆದರೆ ಸೆಟ್ಟಿಂಗ್ಸ್ ಒಳಗೆ). ಅಲ್ಲಿ ನಿಮ್ಮದಲ್ಲದ ಕಂಪ್ಯೂಟರ್ ಅಥವಾ ಬ್ರೌಸರ್ ಹೆಸರು ಯಾವುದಿದ್ದರೂ ಅದನ್ನು ಒತ್ತಿ ಲಾಗೌಟ್ ಮಾಡಿ. ಆ ಸರ್ವೀಸ್‌ಗೆ ದುಡ್ಡು ಕಟ್ಟಿದ್ದೇನೆ, ತಿಂಗಳು ಮುಗಿಯಲಿ ಅಂತ ಕಾಯಬೇಡಿ.

ಆದದ್ದೇನು ಅಂತ ಈಗ ನೋಡೋಣ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದು ಅಂದರೆ ನಿಮ್ಮ ವಾಟ್ಸಾಪನ್ನು ಇನ್ನೊಂದು ಕಂಪ್ಯೂಟರಿನಲ್ಲೂ ತೆರೆದುಕೊಡುವುದು. ಆಫೀಸಿನಲ್ಲಿ ನಾವು ವಾಟ್ಸಾಪ್ ವೆಬ್ ಹಾಕಿಕೊಳ್ಳುವುದೂ ಹೀಗೇ. ಆದರೆ ಈ ಕಂಪ್ಯೂಟರ್ ಯಾವ ಊರಿನಲ್ಲಿದೆ, ಅದರ ಮುಂದೆ ಯಾರು ಕೂತಿದ್ದಾರೆ, ನಿಮಗೆ ಗೊತ್ತಿಲ್ಲ. ಒಂದು ಗ್ರೂಪನ್ನು ಮಾತ್ರ ಕೊಟ್ಟೆ ಅಂದುಕೊಂಡಿದ್ದೀರಿ. ಲಿಂಕ್ ಆದ ಡಿವೈಸ್‌ಗೆ ಆ ಲೆಕ್ಕ ಇಲ್ಲ. ನಿಮ್ಮ ಅಕ್ಕನ ಜೊತೆಗಿನ ಮಾತು, ಡಾಕ್ಟರಿಗೆ ಕಳಿಸಿದ ರಿಪೋರ್ಟು, ಮಗನ ಕಾಲೇಜು ಫೀಸಿನ ರಸೀದಿ ಎಲ್ಲವೂ ಅಲ್ಲಿ ಕಾಣುತ್ತದೆ, ಹಳೆಯ ಮೆಸೇಜುಗಳೂ ಸಾಕಷ್ಟು ಇಳಿಯುತ್ತವೆ. ನಿಮ್ಮ ಫೋನಿನಲ್ಲಿ 14 ದಿನಕ್ಕಿಂತ ಜಾಸ್ತಿ ವಾಟ್ಸಾಪ್ ತೆರೆಯದೇ ಇದ್ದರೆ ಆ ಲಿಂಕ್ ತಾನಾಗಿಯೇ ಕಡಿಯುತ್ತದೆ. ದಿನಾ ಬಳಸುವವರಿಗೆ ಅದು ಕಡಿಯುವುದೇ ಇಲ್ಲ, ನೀವಾಗಿ ತೆಗೆಯುವವರೆಗೆ ಹಾಗೇ ಇರುತ್ತದೆ.

ವಾಟ್ಸಾಪ್‌ನಲ್ಲಿ ಎಲ್ಲ ಗುಟ್ಟಾಗಿರುತ್ತೆ ಅಂತಾರಲ್ಲ, ಅದು ಸುಳ್ಳೇನಲ್ಲ. 2016ರಿಂದ ಅಲ್ಲಿನ ಮೆಸೇಜುಗಳಿಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ ಇದೆ, ದಾರಿಯಲ್ಲಿ ಯಾರೂ ಓದಲಾರರು. ಆದರೆ ಅದು ಕಾಯುವುದು ದಾರಿಯನ್ನು ಮಾತ್ರ. ಮನೆ ಸೇರಿದ ಮೇಲೆ ಲಕೋಟೆ ಒಡೆದು ಪಕ್ಕದಲ್ಲಿ ಕೂತವರಿಗೆ ಓದಿ ಹೇಳಿದರೆ ಅಂಚೆಯವನು ಏನು ಮಾಡಲಿಕ್ಕೆ ಆಗುತ್ತದೆ? ನೀವು ಲಿಂಕ್ ಮಾಡಿದ ಸರ್ವೀಸು ಈಗ ನಿಮ್ಮ ಮನೆಯೊಳಗೇ ಕೂತಿದೆ.

ಆ ಫೋನುಗಳು ಅದೇ ಸರ್ವೀಸಿನಿಂದ ಬಂದವು ಅಂತ ನಾನು ಇಲ್ಲಿ ಕೂತು ಹೇಳುವುದಿಲ್ಲ. 140 ಜನರಲ್ಲಿ ಯಾರು ಬೇಕಾದರೂ ಎಕ್ಸ್‌ಪೋರ್ಟ್ ಚಾಟ್ ಒತ್ತಿ ಇಡೀ ಮಾತುಕತೆಯನ್ನು ಒಂದು ಫೈಲ್ ಮಾಡಿ ಹೊರಗೆ ಕಳಿಸಬಹುದು. ಯಾರದೋ ಕಂಪ್ಯೂಟರಿನ ಕ್ರೋಮ್ ಬ್ರೌಸರಿನಲ್ಲಿ, ತೆರೆದ ಎಲ್ಲ ವೆಬ್‌ಸೈಟುಗಳನ್ನೂ ಓದುವ ಪರ್ಮಿಷನ್ ಇರುವ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಚಿಕ್ಕ ಆಪ್) ಇದ್ದಿರಬಹುದು, ಅದು ವಾಟ್ಸಾಪ್ ವೆಬ್ಬನ್ನೂ ಓದುತ್ತದೆ. ದಾರಿಗಳು ಹಲವು. ನಿಮ್ಮ ಕೈಯಲ್ಲಿರುವ ದಾರಿಯನ್ನು ಮೊದಲು ಮುಚ್ಚಿ.

ನಿಮ್ಮಂಥದೇ ಒಂದು ಗುಂಪಿಗೆ ಅಮೆರಿಕದಲ್ಲಿ ಹೀಗೇ ಒಂದು ಭಯ ಕಾಡಿತ್ತು. ಬಿಆರ್‌ಸಿಎ ಎಂಬ ವಂಶವಾಹಿಯಲ್ಲಿ ದೋಷ ಇರುವ ಹೆಂಗಸರು ಫೇಸ್‌ಬುಕ್ಕಿನಲ್ಲಿ ಒಂದು ಕ್ಲೋಸ್ಡ್ ಗ್ರೂಪ್ ಮಾಡಿಕೊಂಡಿದ್ದರು. ಆ ದೋಷ ಇದ್ದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಬರುವ ಸಂಭವ ಜಾಸ್ತಿ. ಆಪರೇಷನ್ ಮಾಡಿಸಿಕೊಳ್ಳಲಾ, ಮಗಳಿಗೆ ಹೇಳಲಾ, ಗಂಡನಿಗೆ ಹೇಗೆ ಹೇಳಲಿ, ಇಂಥ ಮಾತೆಲ್ಲ ಅಲ್ಲಿ ನಡೆಯುತ್ತಿತ್ತು. 2018ರಲ್ಲಿ ಅವರಿಗೆ ಒಂದು ವಿಷಯ ಗೊತ್ತಾಯಿತು. ಗ್ರೂಪಿನಲ್ಲಿ ಏನು ಮಾತಾಡಿದರು ಎಂಬುದು ಹೊರಗಿನವರಿಗೆ ಕಾಣುತ್ತಿರಲಿಲ್ಲ, ಆದರೆ ಯಾರ್‍ಯಾರು ಇದ್ದಾರೆ ಎಂಬ ಪಟ್ಟಿ ಕಾಣುತ್ತಿತ್ತು. ಮಾರ್ಕೆಟಿಂಗ್‌ನವರಿಗಾಗಿ ಮಾಡಿದ ಒಂದು ಕ್ರೋಮ್ ಎಕ್ಸ್‌ಟೆನ್ಶನ್ ಇಟ್ಟುಕೊಂಡರೆ ಆ ಪಟ್ಟಿಯನ್ನು, ಹೆಸರು, ಊರು, ಕೆಲಸ ಮಾಡುವ ಜಾಗ ಸಮೇತ, ಒಟ್ಟಿಗೆ ಇಳಿಸಿಕೊಳ್ಳಬಹುದಿತ್ತು. ವಿಮೆ ಕಂಪನಿಯವರ ಕೈಗೆ ಅಂಥ ಪಟ್ಟಿ ಸಿಕ್ಕಿದರೆ ಏನು ಗತಿ ಅಂತ ಆ ಹೆಂಗಸರು ಕೇಳಿದರು. ಅದು ಲೋಪ ಅಲ್ಲ ಎಂದೇ ಫೇಸ್‌ಬುಕ್ ಹೇಳಿತು. ಆದರೂ ಅದೇ ವರ್ಷ ಜೂನ್ ಕೊನೆಯಲ್ಲಿ ಕ್ಲೋಸ್ಡ್ ಗ್ರೂಪುಗಳ ಸದಸ್ಯರ ಪಟ್ಟಿ ಹೊರಗಿನವರಿಗೆ ಕಾಣದ ಹಾಗೆ ಬದಲಾಯಿಸಿತು. ಕೇಳಿದ್ದು ಕಾಯಿಲೆಯ ಜೊತೆ ಬದುಕುತ್ತಿದ್ದ ಸಾಮಾನ್ಯ ಹೆಂಗಸರು. ಇದನ್ನು ನಿಮ್ಮ ಗ್ರೂಪಿನವರಿಗೂ ಹೇಳಿ.

ನಿಮ್ಮಂಥ ಗ್ರೂಪಿನಲ್ಲಿ ಹೆಸರು ಇದೆ ಅಂದರೇ ಸಾಕು, ಕಾಯಿಲೆ ಹೊರಗೆ ಬಂದ ಹಾಗೆ. ಅದಕ್ಕೇ ಒಂದೇ ಒಂದು ಮೆಸೇಜ್ ಸೋರದಿದ್ದರೂ ಪಟ್ಟಿ ಸೋರಿದರೆ ಹಾನಿ ಆಗಿಯೇ ಬಿಡುತ್ತದೆ.

ತಪ್ಪಿನ ಮಾತಿಗೆ ಬರುತ್ತೇನೆ. ನೀವು ಮಾಡಿದ್ದು ಸುಸ್ತಾದವರಿಗೆ ಅನುಕೂಲ ಆಗಲಿ ಅಂತ. ಆ ಮನಸ್ಸಿನಲ್ಲಿ ತಪ್ಪಿಲ್ಲ. ಆದರೆ ಉಳಿದ 139 ಜನರನ್ನು ಕೇಳದೆ ಅವರ ಮಾತನ್ನು ಇನ್ನೊಬ್ಬರ ಕೈಗೆ ಕೊಟ್ಟಿರಿ, ಅದು ನಿಜ. ನಾನೂ ಹಾಗೆ ಮಾಡಿದ್ದೇನೆ. ನಮ್ಮ ಬಡಾವಣೆಯ ಗ್ರೂಪಿನ ನಂಬರುಗಳನ್ನೆಲ್ಲ, ಹಬ್ಬದ ಆಮಂತ್ರಣ ಕಳಿಸಲು ಸುಲಭ ಆಗಲಿ ಎಂದು ಒಂದು ಆಪ್‌ಗೆ ಹಾಕಿದ್ದೆ. ಎರಡು ವಾರಕ್ಕೆ ಎಲ್ಲರಿಗೂ ಸಾಲ ಬೇಕಾ ಅಂತ ಮೆಸೇಜ್ ಬರಲು ಶುರುವಾಯಿತು. ಮನೆಮನೆಗೆ ಹೋಗಿ ಹೇಳಿದೆ. ಇಬ್ಬರು ಬೈದರು, ಬೈಸಿಕೊಂಡೆ. ಬಾಕಿಯವರು ಒಳ್ಳೆಯದಾಯಿತು ಹೇಳಿದ್ದು ಅಂದರು.

ನೀವೂ ಗ್ರೂಪಿನಲ್ಲಿ ನೇರವಾಗಿ ಬರೆಯಿರಿ. "ಇಂಥ ದಿನದಿಂದ ಇಂಥ ದಿನದವರೆಗೆ ನಮ್ಮ ಗ್ರೂಪಿನ ಮಾತು ಒಂದು ಹೊರಗಿನ ಸರ್ವೀಸ್‌ಗೆ ಹೋಗಿದೆ, ನಾನೇ ಸೇರಿಸಿದ್ದು, ನಿಮ್ಮನ್ನು ಕೇಳಲಿಲ್ಲ, ಈಗ ತೆಗೆದಿದ್ದೇನೆ. ಯಾರಾದರೂ ಫೋನ್ ಮಾಡಿ ಕಾಯಿಲೆಯ ಮಾತೆತ್ತಿದರೆ ಹೌದು ಅನ್ನಬೇಡಿ, ನಂಬರ್ ಬರೆದಿಟ್ಟುಕೊಂಡು ನನಗೆ ಕಳಿಸಿ." ಇಷ್ಟು ಸಾಕು. ಗ್ರೂಪ್ ಬಿಟ್ಟು ಹೋದ ಆಕೆಗೆ ಮಾತ್ರ ಮೆಸೇಜ್ ಮಾಡಬೇಡಿ, ಫೋನ್ ಮಾಡಿ. ಆ ಕಂಪನಿಗೂ ಈಮೇಲ್ ಬರೆದು, ನಮ್ಮ ಗ್ರೂಪಿನ ಮಾಹಿತಿಯನ್ನು ಪೂರ್ತಿ ಅಳಿಸಿ, ಅಳಿಸಿದ್ದಕ್ಕೆ ಉತ್ತರ ಕೊಡಿ ಎಂದು ಕೇಳಿ. ಉತ್ತರ ಬಂದರೂ ಬರದಿದ್ದರೂ ಆ ಈಮೇಲ್ ನಿಮ್ಮ ಬಳಿ ದಾಖಲೆಯಾಗಿ ಇರಲಿ.

ಆಮೇಲೆ ಗ್ರೂಪ್ ಇನ್ಫೋ ಒಳಗೆ ಅಡ್ವಾನ್ಸ್ಡ್ ಚಾಟ್ ಪ್ರೈವೆಸಿ ಅಂತ ಒಂದು ಆಯ್ಕೆ ಇದೆ, 2025ರಲ್ಲಿ ಬಂದದ್ದು, ಅದನ್ನು ಆನ್ ಮಾಡಿ. ಚಾಟನ್ನು ಎಕ್ಸ್‌ಪೋರ್ಟ್ ಮಾಡುವುದು, ಫೋಟೋಗಳು ತಾವಾಗಿ ಫೋನಿಗೆ ಇಳಿಯುವುದು ಅದರಿಂದ ನಿಲ್ಲುತ್ತದೆ. ಸ್ಕ್ರೀನ್‌ಶಾಟ್ ನಿಲ್ಲುವುದಿಲ್ಲ, ಅದಕ್ಕೆ ನಿಮ್ಮ ನಿಮ್ಮಲ್ಲಿನ ನಂಬಿಕೆಯೇ ದಾರಿ. ಇನ್ನು ದಿನದ ಸಾರಾಂಶ ಬೇಕೇ ಬೇಕು ಅಂದರೆ, 140 ಜನರಲ್ಲಿ ವಾರಕ್ಕೊಬ್ಬರು ರಾತ್ರಿ ಐದು ಸಾಲು ಬರೆಯಲಿ. ಕೈಲಾದವರು ಖಂಡಿತ ಬರೆಯುತ್ತಾರೆ.

ಬೆಂಗಳೂರಿನಿಂದ ಒಬ್ಬರು: ನಮ್ಮ ಅಪಾರ್ಟ್‌ಮೆಂಟಿನ 96 ಮನೆಗಳಿಗೂ ಸೇರಿ ಟೆಲಿಗ್ರಾಂ ಗ್ರೂಪ್ ಇದೆ. ಕಮಿಟಿಯವರು ಅದಕ್ಕೊಂದು ಬಾಟ್, ಅಂದ್ರೆ ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ, ಹಾಕಿದ್ದಾರೆ. ಹೊಸಬರಿಗೆ ಸ್ವಾಗತ ಹೇಳುತ್ತೆ, ಬೇಡದ ಲಿಂಕ್ ಬಂದರೆ ಅಳಿಸುತ್ತೆ. ಯಾರು ಮಾಡಿದ ಬಾಟ್ ಇದು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ನನ್ನದು ಸುಮ್ನೆ ಗಾಬರಿನಾ?

ಉತ್ತರ: ಗಾಬರಿ ಅಲ್ಲ, ಕೇಳಬೇಕಾದದ್ದನ್ನೇ ಕೇಳಿದ್ದೀರಿ. ಟೆಲಿಗ್ರಾಂನಲ್ಲಿ ಬಾಟ್‌ಗಳಿಗೆ ಒಂದು ಕಟ್ಟು ಇದೆ. ಸಾಮಾನ್ಯವಾಗಿ ಗ್ರೂಪಿಗೆ ಸೇರಿಸಿದ ಬಾಟ್‌ಗೆ ಎಲ್ಲ ಮಾತೂ ಕೇಳುವುದಿಲ್ಲ, ಅದಕ್ಕೆ ಕೊಟ್ಟ ಆಜ್ಞೆ, ಅದಕ್ಕೆ ಬರೆದ ಉತ್ತರ ಇಂಥವು ಮಾತ್ರ ಹೋಗುತ್ತವೆ. ಆದರೆ ಬಾಟ್ ಮಾಡಿದವರು ಆ ಕಟ್ಟನ್ನು ತೆಗೆದಿಟ್ಟಿರಬಹುದು. ಇನ್ನು ನೀವೇ ಅದನ್ನು ಅಡ್ಮಿನ್ ಮಾಡಿದರಂತೂ ಕಟ್ಟು ಹೋಯಿತು, ಜನ ಬರೆಯುವ ಪ್ರತಿಯೊಂದು ಮೆಸೇಜೂ ಅದಕ್ಕೆ ತಲುಪುತ್ತದೆ. ಲಿಂಕ್ ಅಳಿಸುವ ಬಾಟ್ ಅಂದರೆ ಅದು ಅಡ್ಮಿನ್ ಆಗಿರಲೇಬೇಕು, ಬೇರೆಯವರ ಮೆಸೇಜ್ ಅಳಿಸುವ ಅಧಿಕಾರ ಬೇಕಲ್ಲ. ಹಾಗಾಗಿ ನಿಮ್ಮ ಬಾಟ್ ಎಲ್ಲವನ್ನೂ ಓದುತ್ತಿದೆ. ಜೊತೆಗೆ ಟೆಲಿಗ್ರಾಂನ ಗ್ರೂಪುಗಳಿಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ ಇಲ್ಲ, ಮೆಸೇಜುಗಳಲ್ಲಿ ಅದು ಇರುವುದು ಇಬ್ಬರ ನಡುವಿನ ಸೀಕ್ರೆಟ್ ಚಾಟ್‌ಗೆ ಮಾತ್ರ.

ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಗುಟ್ಟೇನಿದೆ ಅಂತ ಕಮಿಟಿಯವರು ಕೇಳುತ್ತಾರೆ. ಒಂದು ವಾರದ ಮೆಸೇಜುಗಳನ್ನು ಅವರ ಮುಂದೆ ಓದಿ. "ನಾವು ಹತ್ತು ದಿನ ಊರಿಗೆ ಹೋಗ್ತಿದ್ದೀವಿ, ಹಾಲು ಹಾಕಬೇಡಿ ಅಂತ ಹೇಳಿ." "ಅಮ್ಮ ಒಬ್ಬರೇ ಇದ್ದಾರೆ, ಯಾರಾದರೂ ನೋಡ್ಕೊಳ್ಳಿ." "ಮಗಳ ಸ್ಕೂಲ್ ವ್ಯಾನ್ ಇವತ್ತು ಐದೂವರೆಗೆ ಬರುತ್ತೆ." ಇವು ಅಕ್ಕಪಕ್ಕದವರಿಗೆ ಹೇಳಿದ ಮಾತು. ಯಾರು ನಡೆಸುತ್ತಿದ್ದಾರೆ ಅಂತಲೇ ಗೊತ್ತಿಲ್ಲದ ಒಂದು ಕಂಪ್ಯೂಟರಿಗೆ ಹೋಗಬೇಕಾದದ್ದಲ್ಲ. ಬಾಟ್ ತೆಗೆಯಿರಿ, ಹೊಸಬರನ್ನು ಅಡ್ಮಿನ್ ಒಪ್ಪಿದ ಮೇಲೆ ಒಳಗೆ ಬಿಡುವ ಸೌಲಭ್ಯ ಟೆಲಿಗ್ರಾಂನಲ್ಲೇ ಇದೆ. 96 ಮನೆಗೆ ಅಷ್ಟು ಸಾಕು.

ದಾವಣಗೆರೆಯಿಂದ ಒಬ್ಬ ತಂದೆ: ಮಕ್ಕಳ ಸ್ಕೂಲಿನ ಪೇರೆಂಟ್ಸ್ ಗ್ರೂಪಿನ ಸೇರುವ ಲಿಂಕನ್ನು ಯಾರೋ ಸ್ಕೂಲಿನ ಫೇಸ್‌ಬುಕ್ ಪೇಜಿನಲ್ಲಿ ಹಾಕಿದ್ದಾರೆ. ಪರವಾಗಿಲ್ವಾ?

ಉತ್ತರ: ಪರವಾಗಿಲ್ಲ ಅನ್ನುವ ಹಾಗಿಲ್ಲ. ಈಗಲೇ ತೆಗೆಸಿ. ತೆಗೆಸಿದರೆ ಮಾತ್ರ ಸಾಲದು, ಗ್ರೂಪ್ ಇನ್ಫೋ ಒಳಗೆ ಹೋಗಿ ಲಿಂಕ್ ರೀಸೆಟ್ ಮಾಡಿ, ಆಗ ಹಳೆಯ ಲಿಂಕ್ ಸಾಯುತ್ತದೆ. ತೆರೆದ ಜಾಗದಲ್ಲಿ ಹಾಕಿದ ವಾಟ್ಸಾಪ್ ಲಿಂಕುಗಳು ಗೂಗಲ್ ಹುಡುಕಾಟದಲ್ಲಿ ಸಿಗುತ್ತಿವೆ ಅಂತ 2020ರ ಫೆಬ್ರವರಿಯಲ್ಲಿ ಒಬ್ಬ ಪತ್ರಕರ್ತರು ತೋರಿಸಿದ್ದರು. ಯಾರು ಬೇಕಾದರೂ ಒಳಗೆ ಬಂದು ಎಲ್ಲರ ನಂಬರ್ ನೋಡಬಹುದಿತ್ತು. ನಿಮ್ಮದು ಮಕ್ಕಳ ಗ್ರೂಪು. ಸೇರುವವರನ್ನು ಅಡ್ಮಿನ್ ಒಪ್ಪಬೇಕು ಎಂಬ ಸೆಟ್ಟಿಂಗ್ ಹಾಕಿ, ಈಗ ಇರುವವರಲ್ಲಿ ಯಾವ ಮಗುವಿನ ಪೋಷಕರೂ ಅಲ್ಲದ ನಂಬರ್ ಇದೆಯಾ ಅಂತ ಒಂದೊಂದಾಗಿ ನೋಡಿ.

ಅಮೆರಿಕದ ನ್ಯೂಜೆರ್ಸಿಯಿಂದ ಒಬ್ಬ ಕನ್ನಡಿಗರು: ಹತ್ತು ವರ್ಷದ ಹಿಂದೆ ಶುರು ಮಾಡಿದ ನಮ್ಮ ಫೇಸ್‌ಬುಕ್ ಗ್ರೂಪಿನಲ್ಲಿ ಮನೆ ಬಾಡಿಗೆ, ವೀಸಾ ತೊಂದರೆ, ಕೆಲಸ ಹೋದ ವಿಷಯ ಎಲ್ಲ ಬರೆಯುತ್ತಾರೆ. ಹಿಂದೆ ಅಡ್ಮಿನ್ ಆಗಿದ್ದವರು ಪೋಸ್ಟ್ ಹಾಕಲು, ಲೆಕ್ಕ ನೋಡಲು ಅಂತ ಎರಡು ಮೂರು ಆಪ್ ಸೇರಿಸಿದ್ದರಂತೆ. ಈಗ ಅವರೂ ಇಲ್ಲ, ಆ ಆಪ್‌ಗಳ ಹೆಸರೂ ಯಾರಿಗೂ ನೆನಪಿಲ್ಲ. ಅವು ಇನ್ನೂ ನೋಡುತ್ತಿರುತ್ತವಾ?

ಉತ್ತರ: ಈಗ ಆ ದಾರಿ ಮುಚ್ಚಿದೆ, ಆದರೆ ಹಿಂದೆ ನೋಡಿರುತ್ತವೆ. 2018ರ ಏಪ್ರಿಲ್‌ಗೆ ಮುಂಚೆ ಫೇಸ್‌ಬುಕ್ಕಿನಲ್ಲಿ ಒಬ್ಬ ಅಡ್ಮಿನ್ ಹೂಂ ಅಂದರೆ ಸಾಕಿತ್ತು, ಆ ಆಪ್‌ಗೆ ಗ್ರೂಪಿನೊಳಗಿನ ಮಾಹಿತಿ ಸಿಗುತ್ತಿತ್ತು. ಸದಸ್ಯರನ್ನು ಕೇಳುವ ಪದ್ಧತಿಯೇ ಇರಲಿಲ್ಲ. ಕೇಂಬ್ರಿಡ್ಜ್ ಅನಲಿಟಿಕಾ ಎಂಬ ರಾಜಕೀಯ ಸಲಹೆಯ ಕಂಪನಿ ಫೇಸ್‌ಬುಕ್ ಬಳಸುವವರ ಮಾಹಿತಿ ಎತ್ತಿಕೊಂಡ ಗಲಾಟೆ ಆದ ಮೇಲೆ ನಿಯಮ ಬಿಗಿ ಮಾಡಿದರು. ಆದರೂ 2019ರ ನವೆಂಬರ್‌ನಲ್ಲಿ ಕಂಪನಿಯೇ ಒಪ್ಪಿಕೊಂಡಿತು: ಸುಮಾರು 100 ಕಂಪನಿಗಳ ಆಪ್‌ಗಳಿಗೆ ಸದಸ್ಯರ ಹೆಸರು, ಫೋಟೋ ನೋಡುವ ಅವಕಾಶ ಹಾಗೇ ಉಳಿದಿತ್ತು, ಅವರಲ್ಲಿ ಕನಿಷ್ಠ 11 ಕಂಪನಿಗಳು ಹಿಂದಿನ 60 ದಿನಗಳಲ್ಲಿ ಅದನ್ನು ಬಳಸಿದ್ದವು. ಹೆಚ್ಚಿನವು ನಿಮ್ಮ ಹಳೆಯ ಅಡ್ಮಿನ್ ಸೇರಿಸಿದಂಥ, ಗ್ರೂಪ್ ನೋಡಿಕೊಳ್ಳಲು ಸಹಾಯ ಮಾಡುವ ಆಪ್‌ಗಳೇ. 2024ರಲ್ಲಿ ಹೊರಗಿನ ಆಪ್‌ಗಳಿಗೆ ಗ್ರೂಪು ತೆರೆಯುವ ಆ ವ್ಯವಸ್ಥೆಯನ್ನೇ ತೆಗೆದುಹಾಕಿದರು. ಅಷ್ಟರೊಳಗೆ ಹೊರಗೆ ಹೋದದ್ದು ಹೋಯಿತು, ಅದನ್ನು ವಾಪಸ್ ತರುವ ದಾರಿ ನಿಮಗೂ ಇಲ್ಲ, ಫೇಸ್‌ಬುಕ್ಕಿಗೂ ಇಲ್ಲ.

ಕೇಂಬ್ರಿಡ್ಜ್ ಅನಲಿಟಿಕಾ ಎಂದೆನಲ್ಲ, ಅದರ ಒಂದು ಲೆಕ್ಕ ನನ್ನ ತಲೆಯಿಂದ ಹೋಗುವುದೇ ಇಲ್ಲ. ಆ ಮಾಹಿತಿ ಹೋದದ್ದು ನಿಮ್ಮ ಸ್ವಭಾವ ಎಂಥದು ಅಂತ ಹೇಳುವ ಒಂದು ಕ್ವಿಜ್ ಆಪ್‌ನಿಂದ. ಭಾರತದಲ್ಲಿ ಅದನ್ನು ಹಾಕಿಕೊಂಡವರು 335 ಜನ. ಮಾಹಿತಿ ಹೋಗಿರಬಹುದಾದ ಭಾರತೀಯರು 5,62,455 ಎಂದು ಫೇಸ್‌ಬುಕ್ ಹೇಳಿತು. ಉಳಿದವರು ಯಾರೂ ಆ ಕ್ವಿಜ್ ಆಡಿರಲಿಲ್ಲ. ದೇಶದೊಳಗೋ ಹೊರಗೋ ಅವರ ಗೆಳೆಯರಲ್ಲಿ ಯಾರೋ ಒಬ್ಬರು ಆಡಿದ್ದರು, ಅಷ್ಟೇ.

ನೀವು ಈಗ ಮಾಡಬಹುದಾದದ್ದು ಹಳೆಯ ಪೋಸ್ಟುಗಳ ಕಡೆ ನೋಡುವುದು. ವೀಸಾ, ಕೆಲಸ, ಪೊಲೀಸ್, ಮನೆ ಜಗಳ ಇಂಥ ಪೋಸ್ಟ್ ಬರೆದವರಿಗೆ ಒಂದೊಂದು ಮೆಸೇಜ್ ಹಾಕಿ, ಬೇಕಾದರೆ ಅಳಿಸಿಕೊಳ್ಳಲಿ. ಪರದೇಶದಲ್ಲಿ ಕಷ್ಟ ಬಂದಾಗ ಮೊದಲು ನೆನಪಾಗುವುದು ಕನ್ನಡದವರು, ಆ ಧೈರ್ಯದಲ್ಲೇ ಅವರು ಬರೆದದ್ದು. ಗ್ರೂಪು ಈಗಲೂ ಪಬ್ಲಿಕ್ ಆಗಿದ್ದರೆ ಪ್ರೈವೇಟ್ ಮಾಡಿ. ಅಡ್ಮಿನ್‌ಗಳ ಪಟ್ಟಿಯಲ್ಲಿ ವರ್ಷಗಟ್ಟಲೆ ತಲೆಹಾಕದವರ ಹೆಸರು ಇದ್ದರೆ ತೆಗೆಯಿರಿ. ಅವರ ಮೇಲೆ ಅನುಮಾನ ಅಂತಲ್ಲ, ಅವರ ಖಾತೆ ಯಾರದಾದರೂ ಕೈಗೆ ಸಿಕ್ಕಿದರೆ ನಿಮ್ಮ ಗ್ರೂಪಿನ ಬೀಗದ ಕೈಯೂ ಸಿಕ್ಕಿದ ಹಾಗೆ.

ಹುಬ್ಬಳ್ಳಿಯಿಂದ ಒಬ್ಬ ವಿದ್ಯಾರ್ಥಿ: ನಮ್ಮ ಕ್ಲಾಸಿನವರೆಲ್ಲ ಡಿಸ್ಕಾರ್ಡ್ ಎಂಬ ಚಾಟ್ ಆಪ್‌ನ ಒಂದು ಸರ್ವರ್‌ನಲ್ಲಿದ್ದೇವೆ (ಅಲ್ಲಿ ಗ್ರೂಪಿಗೆ ಸರ್ವರ್ ಅಂತಾರೆ). ಓದಿನ ಮಾತು, ಹರಟೆ, ಸಿಟ್ಟು ಎಲ್ಲ ಅಲ್ಲೇ. ಹೊರಗಿನ ಯಾವ ಬಾಟ್ ಓದಿದರೇನು, ನಾನು ಏನೂ ತಪ್ಪು ಮಾಡಿಲ್ಲ, ಮುಚ್ಚಿಡೋಕೆ ಏನೂ ಇಲ್ಲ. ನಮ್ಮಪ್ಪ ಮಾತ್ರ ದಿನಾ ಹೆದರಿಸುತ್ತಾರೆ. ಅವರಿಗೆ ಸ್ವಲ್ಪ ಹೇಳಿ ಅಕ್ಕ.

ಉತ್ತರ: ಅಪ್ಪನ ಕಡೆಯೇ ನಾನೂ ಇದ್ದೇನೆ ತಮ್ಮಾ. 2024ರ ಏಪ್ರಿಲ್‌ನಲ್ಲಿ ಸ್ಪೈ ಪೆಟ್ ಎಂಬ ಒಂದು ತಾಣದ ವಿಷಯ ಹೊರಗೆ ಬಂತು. 14,000ಕ್ಕೂ ಜಾಸ್ತಿ ಡಿಸ್ಕಾರ್ಡ್ ಸರ್ವರ್‌ಗಳಿಂದ ಜನರ ಮಾತನ್ನು ಬಾಚಿಕೊಂಡಿದ್ದೇವೆ, 60 ಕೋಟಿಗೂ ಜಾಸ್ತಿ ಬಳಕೆದಾರರ ಮಾಹಿತಿ ಇದೆ ಅಂತ ಅದು ಹೇಳಿಕೊಂಡಿತ್ತು. ಒಬ್ಬರ ಹೆಸರು ಕೊಟ್ಟರೆ ಅವರು ಯಾವ ಯಾವ ಸರ್ವರ್‌ನಲ್ಲಿದ್ದಾರೆ, ಎಲ್ಲಿ ಏನು ಬರೆದಿದ್ದಾರೆ ಎಂದು ಒಟ್ಟು ಮಾಡಿ ತೋರಿಸುತ್ತಿತ್ತು. ಬೆಲೆ 5 ಡಾಲರ್‌ನಿಂದ ಶುರು. ಆಮೇಲೆ ಡಿಸ್ಕಾರ್ಡ್ ಅದಕ್ಕೆ ಸಂಬಂಧಿಸಿದ ಖಾತೆಗಳನ್ನು ತೆಗೆಯಿತು, ಆ ತಾಣವೂ ಮುಚ್ಚಿತು.

ಈ ಒಟ್ಟು ಮಾಡುವುದು ಇದೆಯಲ್ಲ, ತೊಂದರೆ ಇರುವುದು ಅಲ್ಲೇ. ಕ್ಲಾಸಿನ ಸರ್ವರ್‌ನಲ್ಲಿ ನೀವು ಒಂದು ತರಹ, ಆಟದ ಸರ್ವರ್‌ನಲ್ಲಿ ಇನ್ನೊಂದು ತರಹ, ಮನಸ್ಸು ಸರಿ ಇಲ್ಲದ ರಾತ್ರಿ ಯಾವುದೋ ಸರ್ವರ್‌ನಲ್ಲಿ ಮತ್ತೊಂದು ತರಹ ಇರುತ್ತೀರಿ. ಮನೆಯ ಜಗಲಿಯಲ್ಲಿ ಆಡುವ ಮಾತು ಬೇರೆ, ಒಳಮನೆಯ ಮಾತು ಬೇರೆ, ಅದರಲ್ಲಿ ಮೋಸ ಏನಿದೆ? ಎಲ್ಲವನ್ನೂ ತಂದು ಒಂದೇ ಕಡೆ ಸುರಿದರೆ ಯಾರೂ ಒಳ್ಳೆಯವರಾಗಿ ಕಾಣುವುದಿಲ್ಲ. ನಾಲ್ಕು ವರ್ಷ ಆದ ಮೇಲೆ ಕೆಲಸಕ್ಕೆ ಹೋದ ಕಡೆ ಯಾರೋ ಅದನ್ನು ಮುಂದಿಟ್ಟರೆ, ಅವತ್ತು ಯಾಕೆ ಹಾಗೆ ಬರೆದೆ ಅಂತ ನೀವು ಯಾರಿಗೆ ಅಂತ ಹೇಳುತ್ತೀರಿ?

ಇನ್ನೊಂದು ವಿಷಯ. ನಿಮ್ಮಲ್ಲಿ ಮುಚ್ಚಿಡುವಂಥದ್ದು ಇಲ್ಲ ಅಂತಲೇ ಇಟ್ಟುಕೊಳ್ಳೋಣ. ಅದೇ ಸರ್ವರ್‌ನಲ್ಲಿ ಅಪ್ಪ ಕುಡಿಯುತ್ತಾರೆ ಅಂತ ಬರೆದ ಗೆಳೆಯ ಇರಬಹುದು. ಫೀಸು ಕಟ್ಟೋಕೆ ದುಡ್ಡಿಲ್ಲ ಅಂತ ಬರೆದವಳು ಇರಬಹುದು. ಅವರ ಪರವಾಗಿ ನೀವು ಹೇಗೆ ಪರವಾಗಿಲ್ಲ ಅನ್ನುತ್ತೀರಿ?

ಗುರುತಿನ ಚೀಟಿ ಫೋಟೋ ಕೇಳಿದರೂ ಯೋಚಿಸಿ ಕೊಡಿ. 2025ರಲ್ಲಿ ಡಿಸ್ಕಾರ್ಡ್‌ನ ಗ್ರಾಹಕ ಸೇವೆ ನೋಡಿಕೊಳ್ಳುತ್ತಿದ್ದ ಹೊರಗಿನ ಸಂಸ್ಥೆಯ ಕಡೆಯಿಂದ ಮಾಹಿತಿ ಕಳುವಾಗಿ, ಸುಮಾರು 70,000 ಜನರ ಸರ್ಕಾರಿ ಗುರುತಿನ ಚೀಟಿಯ ಫೋಟೋ ಹೊರಗೆ ಹೋಗಿರಬಹುದು ಎಂದು ಕಂಪನಿ ತಿಳಿಸಿತು. ಜನ ಫೋಟೋ ಕಳಿಸಿದ್ದು ಡಿಸ್ಕಾರ್ಡ್‌ಗೆ. ಅದನ್ನು ತೆರೆದು ನೋಡುತ್ತಿದ್ದವರು ಇನ್ನಾರೋ.

ಮೈಸೂರಿನಿಂದ ನಿವೃತ್ತ ಶಿಕ್ಷಕರೊಬ್ಬರು: ಇದಕ್ಕೆಲ್ಲ ನಮ್ಮ ದೇಶದಲ್ಲಿ ಕಾನೂನು ಇಲ್ಲವೇ? ಇದ್ದರೆ ಎಲ್ಲಿ ದೂರು ಕೊಡಬೇಕು?

ಉತ್ತರ: ಇದೆ ಸರ್. ಅದರ ಬುಡದಲ್ಲಿ ನಮ್ಮವರೇ ಒಬ್ಬರಿದ್ದಾರೆ ಅಂತ ಹೇಳಲು ನನಗೆ ಖುಷಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರನ್ನು ನಮ್ಮ ಮಕ್ಕಳಿಗೆ ಶಾಲೆಯಲ್ಲೇ ಹೇಳಿಕೊಡಬೇಕು ಅಂತ ನನಗೆ ಅನಿಸುತ್ತದೆ.

ಆ ತೀರ್ಪಿನ ನಂತರ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ. ನಿಮ್ಮ ಮಾಹಿತಿ ಬಳಸಲು ನಿಮ್ಮ ಒಪ್ಪಿಗೆ ಬೇಕು, ಏತಕ್ಕೆ ಅಂತ ತಿಳಿಸಿಯೇ ಕೇಳಬೇಕು, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ತೆಗೆದುಕೊಳ್ಳಲು ಬರಬೇಕು, ಅಳಿಸಿ ಎಂದು ಕೇಳುವ ಹಕ್ಕೂ ಇದೆ. ಮಾಹಿತಿಯನ್ನು ಸರಿಯಾಗಿ ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು ಕೊಟ್ಟಿದ್ದಾರೆ.

ಎರಡು ಕಿಂಡಿಗಳನ್ನು ಮಾತ್ರ ತಿಳಿದಿರಬೇಕು. ಒಬ್ಬ ವ್ಯಕ್ತಿ ತನ್ನ ಮನೆಯ ಅಥವಾ ಸ್ವಂತದ ಕೆಲಸಕ್ಕೆ ಮಾಹಿತಿ ಬಳಸಿದರೆ ಈ ಕಾಯ್ದೆ ಅನ್ವಯಿಸುವುದಿಲ್ಲ. ನೀವೇ ಎಲ್ಲರಿಗೂ ಕಾಣುವಂತೆ ಹಾಕಿದ ಮಾಹಿತಿಗೂ ಅನ್ವಯಿಸುವುದಿಲ್ಲ. ಹಾಗಾಗಿ ಪಬ್ಲಿಕ್ ಗ್ರೂಪಿನಲ್ಲಿ ನಿಮ್ಮ ಬಗ್ಗೆ ನೀವೇ ಬರೆದದ್ದನ್ನು ಯಾರಾದರೂ ಬಾಚಿಕೊಂಡರೆ ಈ ಕಾಯ್ದೆ ಹಿಡಿದು ಕೇಳುವುದು ಕಷ್ಟ. ನನ್ನ ಪ್ರಕಾರ ಈ ಎರಡನೆಯ ಕಿಂಡಿ ತುಂಬ ದೊಡ್ಡದಾಯಿತು. ಸಂತೆಯಲ್ಲಿ ಗೆಳೆಯನ ಜೊತೆ ಮಾತಾಡಿದೆ ಅಂದರೆ ಅದನ್ನು ಬರೆದುಕೊಂಡು ಮಾರಬಹುದು ಅಂತ ನಾನು ಒಪ್ಪಿದೆ ಅಂತಲ್ಲ.

ದೂರಿನ ವಿಷಯ. ಈ ದಾರಿಯಲ್ಲಿ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಎಷ್ಟು ಬೇಗ ಮಾಡುತ್ತೀರೋ ಅದರ ಮೇಲೆ ದುಡ್ಡು ಉಳಿಯುವುದು ನಿಂತಿರುತ್ತದೆ. ಬೆದರಿಕೆ, ಫೋಟೋ ದುರ್ಬಳಕೆ ಆಗಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಬಹುದು, ಅಥವಾ ನಿಮ್ಮ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಹೋಗಬಹುದು. ಹೋಗುವಾಗ ಸ್ಕ್ರೀನ್‌ಶಾಟ್, ಫೋನ್ ಬಂದ ನಂಬರ್, ದಿನ, ಸಮಯ ಬರೆದುಕೊಂಡು ಹೋಗಿ.

ಉಡುಪಿಯ ಕಡೆಯಿಂದ ಒಬ್ಬರು: ನಾನು ಕುಡಿತ ಬಿಟ್ಟು 11 ತಿಂಗಳಾಯಿತು. ಪ್ರತಿ ಭಾನುವಾರ ನಮ್ಮಂಥವರು 20 ಜನ ವಿಡಿಯೋ ಮೀಟಿಂಗಿನಲ್ಲಿ ಸೇರಿ ಮಾತಾಡುತ್ತೇವೆ. ಹೋದ ವಾರ ಸದಸ್ಯರ ಪಟ್ಟಿಯಲ್ಲಿ ನೋಟ್‌ಟೇಕರ್ ಅಂತ ಒಂದು ಹೆಸರು ಇತ್ತು. ಯಾರೂ ಗಮನಿಸಲಿಲ್ಲ. ಮೀಟಿಂಗ್ ಮುಗಿದ ಮೇಲೆ ಯಾರು ಏನು ಹೇಳಿದರು ಎಂಬ ಪೂರ್ತಿ ಬರಹ ಎಲ್ಲರ ಈಮೇಲಿಗೆ ಬಂತು. ನಾನು ಹೆಂಡತಿಗೆ ಹೊಡೆದ ದಿನದ ಬಗ್ಗೆ ಅವತ್ತು ಮೊದಲ ಸಲ ಹೇಳಿದ್ದೆ. ಅದು ಅಕ್ಷರದಲ್ಲಿ ಇದೆ. ಮುಂದಿನ ವಾರ ಹೋಗೋಕೆ ಧೈರ್ಯ ಇಲ್ಲ.

ಉತ್ತರ: ನಿಮ್ಮ ಪತ್ರಕ್ಕೆ ಉತ್ತರವನ್ನು ಆವತ್ತೇ ಈಮೇಲ್ ಮಾಡಿದ್ದೆ, ನಿಮ್ಮ ಒಪ್ಪಿಗೆ ಕೇಳಿಯೇ ಇಲ್ಲೂ ಹಾಕುತ್ತಿದ್ದೇನೆ, ಯಾಕೆಂದರೆ ಈಗ ಇದು ಬೇರೆ ಕಡೆಯೂ ನಡೆಯುತ್ತದೆ. ನಿಮ್ಮಲ್ಲಿ ಒಬ್ಬರು ಆಫೀಸಿನ ಕೆಲಸಕ್ಕೆಂದು ಮೀಟಿಂಗ್ ಬರೆದುಕೊಳ್ಳುವ ಒಂದು ಸರ್ವೀಸ್ ಹಾಕಿಕೊಂಡಿರುತ್ತಾರೆ. ಅದಕ್ಕೆ ಅವರ ಕ್ಯಾಲೆಂಡರ್ ನೋಡುವ ಪರ್ಮಿಷನ್ ಇರುತ್ತದೆ. ಕ್ಯಾಲೆಂಡರಿನಲ್ಲಿರುವ ಪ್ರತಿಯೊಂದು ಮೀಟಿಂಗಿಗೂ ಅದು ತಾನಾಗಿ ಹೋಗಿ ಕೂರುತ್ತದೆ. ಆಫೀಸಿನ ಮೀಟಿಂಗ್ ಯಾವುದು, ಭಾನುವಾರದ ಈ ಮೀಟಿಂಗ್ ಯಾವುದು, ಅದಕ್ಕೆ ಗೊತ್ತಾಗುವುದಿಲ್ಲ. ಅವರಿಗೆ ನೆನಪೂ ಇರಲಿಕ್ಕಿಲ್ಲ. ಹಾಗಾಗಿ ಯಾರ ಮೇಲೂ ಹರಿಹಾಯುವ ಮುಂಚೆ, ಮೀಟಿಂಗ್ ನಡೆಸುವವರಿಗೆ ಫೋನ್ ಮಾಡಿ ಯಾರ ಖಾತೆಯಿಂದ ಆ ನೋಟ್‌ಟೇಕರ್ ಬಂತು ಅಂತ ಕೇಳಿ. ಬಂದ ಈಮೇಲಿನ ಕೆಳಗೆ ಸಾಮಾನ್ಯವಾಗಿ ಅದು ಇರುತ್ತದೆ.

ಅವರು ಮಾಡಬೇಕಾದದ್ದು ಸರ್ವೀಸ್‌ನ ಖಾತೆಯೊಳಗೆ ಹೋಗಿ ಆ ದಿನದ ಧ್ವನಿ, ಬರಹ ಎರಡನ್ನೂ ಅಳಿಸುವುದು, ಕಸದ ಬುಟ್ಟಿಯಿಂದಲೂ ತೆಗೆಯುವುದು, ಆಮೇಲೆ ಕ್ಯಾಲೆಂಡರ್ ಪರ್ಮಿಷನ್ ಕಿತ್ತುಹಾಕುವುದು. ಉಳಿದ 19 ಜನರೂ ತಮ್ಮ ಈಮೇಲ್ ಅಳಿಸಬೇಕು. ಮುಂದಿನ ವಾರದಿಂದ ವೇಟಿಂಗ್ ರೂಂ ಹಾಕಲು ಹೇಳಿ, ನಡೆಸುವವರು ಒಬ್ಬೊಬ್ಬರ ಮುಖ ನೋಡಿ, ದನಿ ಕೇಳಿ ಒಳಗೆ ಬಿಡಲಿ.

1935ರಲ್ಲಿ ಶುರುವಾದ, ಕುಡಿತ ಬಿಡಲು ಬಯಸುವವರ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್ ತನ್ನ ಹೆಸರಿನಲ್ಲೇ ಅನಾಮಿಕರು ಎಂಬ ಮಾತು ಇಟ್ಟುಕೊಂಡಿದೆ. ಹೆಸರು ಹೊರಗೆ ಹೋಗುವುದಿಲ್ಲ ಎಂಬ ಭರವಸೆ ಇಲ್ಲದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ ಅಂತ ಅವರಿಗೆ ಆಗಲೇ ಗೊತ್ತಿತ್ತು. ನೀವು ಆ ಭರವಸೆಯ ಮೇಲೆಯೇ ಬಾಯಿ ಬಿಟ್ಟಿರಿ, ಅದೂ 11 ತಿಂಗಳು ಕಾದು. ಅಷ್ಟು ದೂರ ಬಂದು ಈಗ ನಿಲ್ಲಬೇಡಿ. ಭಾನುವಾರ ಹೋಗಿ. ಬೇರೆ ಏನೂ ಮಾತಾಡದಿದ್ದರೂ ಸರಿ, ಮೀಟಿಂಗ್ ಶುರುವಾಗುವ ಮುಂಚೆ ಆ ಖಾತೆಯವರು ತಮ್ಮ ಸ್ಕ್ರೀನ್ ಶೇರ್ ಮಾಡಿ, ನೋಟ್ಸ್ ಅಳಿಸಿರುವುದನ್ನು ಇಪ್ಪತ್ತೂ ಜನರಿಗೆ ತೋರಿಸಲಿ ಎಂದು ಕೇಳಿ.